ಹಳೆಯ ಅಂಬಾಸಿಡರ್ ಹೆದ್ದಾರಿಗೆ ಇಳಿಯುವ ಮುನ್ನ

ನಮ್ಮ ಕಾಸರಗೋಡು ಸೀಮೆಯ ಕೆಲವು ತೋಟದ ಮನೆಗಳಲ್ಲಿ, ಅಡಕೆ ಒಣಗಿಸುವ ಅಂಗಳದ ಬದಿಯ ಮಾಡಿನಡಿಯಲ್ಲಿ, ಅಂಬಾಸಿಡರ್ ಕಾರೊಂದು ಈಗಲೂ ನಿಂತಿರುವುದುಂಟು. ತಂದೆಯವರೋ ಅಜ್ಜನವರೋ ಕೊಂಡ ಕಾರು. ಮನೆಯ ಮದುವೆಗಳಿಗೆ ದಿಬ್ಬಣ ಒಯ್ದ ಕಾರು. ಹೊತ್ತಲ್ಲದ ಹೊತ್ತಿನಲ್ಲಿ ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿದ ಕಾರು. ಅದನ್ನು ಮಾರಲು ಮನಸ್ಸು ಬಾರದು, ಗುಜರಿಗೆ ಹಾಕಲು ಕೈ ಏಳದು. ಊರೊಳಗೆ ದೇವಸ್ಥಾನಕ್ಕೆ, ಪೇಟೆಗೆ ಹೋಗಿ ಬರುವಷ್ಟರ ಮಟ್ಟಿಗೆ ಅದು ಇನ್ನೂ ಓಡುತ್ತದೆ. ಆದರೆ ಅದರಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ದೂರ ಪ್ರಯಾಣ ಹೋಗಬಹುದೇ ಎಂಬ ಪ್ರಶ್ನೆ ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಹಿರಿಯರು 'ಧಾರಾಳ ಹೋಗಬಹುದು' ಎನ್ನುತ್ತಾರೆ. ಕಿರಿಯರು 'ಖಂಡಿತ ಬೇಡ' ಎನ್ನುತ್ತಾರೆ. ಎರಡು ಮಾತೂ ಪೂರ್ತಿ ಸರಿಯಲ್ಲ. ಹೋಗಬಹುದು, ಆದರೆ ಕಾರನ್ನು ಅದಕ್ಕೆ ತಕ್ಕಂತೆ ಸಜ್ಜುಗೊಳಿಸಿದ ಮೇಲೆ ಮಾತ್ರ.

ಇದನ್ನು ಈಗ ಹೇಳಬೇಕಾಗಿ ಬಂದುದಕ್ಕೆ ಕಾರಣವಿದೆ. ಕಾರು ಹಾಗೆಯೇ ಇದೆ, ರಸ್ತೆ ಬದಲಾಗಿದೆ. 2010ರಲ್ಲಿ ಹದಿನೇಳು ಎಂಬ ಸಂಖ್ಯೆ ಕಳೆದುಕೊಂಡು ಅರುವತ್ತಾರು ಎನಿಸಿಕೊಂಡ ನಮ್ಮ ರಾಷ್ಟ್ರೀಯ ಹೆದ್ದಾರಿ ಹಿಂದೆ ಎರಡು ವಾಹನಗಳು ಜಾಗ್ರತೆಯಿಂದ ಪಕ್ಕ ಸರಿದು ಹೋಗುವ ರಸ್ತೆಯಾಗಿತ್ತು. ಗಂಟೆಗೆ 50 ಕಿಲೋಮೀಟರು ಹೋದರೆ ಅದೇ ವೇಗ. ಈಗ ತಲಪಾಡಿ ದಾಟಿ ಇತ್ತ ಬಂದರೆ ಆರು ಪಥದ ರಸ್ತೆ. ಹಿಂದಿನಿಂದ ಬರುವ ವಾಹನಗಳು ಗಂಟೆಗೆ 90, 100 ಕಿಲೋಮೀಟರಿನ ಓಟದಲ್ಲಿರುತ್ತವೆ. ಆ ಓಟದ ನಡುವೆ ಹಳೆಯ ಕಾರಿನ ದೌರ್ಬಲ್ಯಗಳೆಲ್ಲ ಒಮ್ಮೆಲೆ ಬಯಲಾಗುತ್ತವೆ.

ಇಂಥ ಕಾರನ್ನು ಉತ್ತಮಪಡಿಸಲು ಹೊರಡುವವರು ಸಾಮಾನ್ಯವಾಗಿ ಮೊದಲು ಇಂಜಿನ್ನಿಗೆ ಹಣ ಸುರಿಯುತ್ತಾರೆ. ಆಮೇಲೆ ಬಣ್ಣಕ್ಕೆ, ಪಾಟುಗೀಟಿನ ಪೆಟ್ಟಿಗೆಗೆ. ಬ್ರೇಕಿನ ಸರದಿ ಬರುವಾಗ ಕಿಸೆ ಖಾಲಿ. ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದೇ ಈ ಲೇಖನದ ತಾತ್ಪರ್ಯ. ಮೊದಲು ಕಾರು ನಿಲ್ಲಲು ಕಲಿಯಬೇಕು. ಆಮೇಲೆ ನೆಟ್ಟಗೆ ಓಡಲು, ತಣ್ಣಗಿರಲು, ಕತ್ತಲಲ್ಲಿ ಕಾಣಲು. ವೇಗದ ಮಾತು ಕಟ್ಟಕಡೆಗೆ.

ಕಾರಿನ ಜಾತಕ

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಗೆ ಅಂಬಾಸಿಡರ್ ತಯಾರಿಸತೊಡಗಿತು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆಯ ಕೆಲಸ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು ಕೂಡ ಫ್ರಾನ್ಸಿನ ಪ್ಯೂಜೊ ಕಂಪೆನಿಗೆ ಮಾರಾಟವಾಯಿತು. ನಮ್ಮ ಮನೆಗಳಲ್ಲಿರುವ ಪೆಟ್ರೋಲು ಕಾರುಗಳಲ್ಲಿ ಹೆಚ್ಚಿನವು 1489 ಸಿ.ಸಿ. ಇಂಜಿನ್ನಿನವು. ಸುಮಾರು 50 ಅಶ್ವಶಕ್ತಿ, ಒಂದು ಟನ್ನಿಗೂ ಮಿಕ್ಕಿದ ಮೈಭಾರ, ಸ್ಟಿಯರಿಂಗಿನ ಕೆಳಗೇ ಇರುವ ಗಿಯರಿನ ಹಿಡಿ, ನಾಲ್ಕೇ ಗಿಯರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. 1990ರ ದಶಕದಲ್ಲಿ 1800 ಸಿ.ಸಿ. ವರ್ಗದ ಇಸುಜು ಇಂಜಿನ್ನೂ ಐದು ಗಿಯರೂ ಇದ್ದ ಮಾದರಿ ಬಂತು. ಇಲ್ಲಿ ಹೇಳುವುದು ಮುಖ್ಯವಾಗಿ ಹಳೆಯ ಪೆಟ್ರೋಲು ಮಾದರಿಯ ವಿಷಯ. ಪ್ರೀಮಿಯರ್ ಪದ್ಮಿನಿ ಇರುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ನಿಲ್ಲುವ ಶಕ್ತಿ

ಎಂಟನೆಯ ತರಗತಿಯ ಮಗುವಿಗೂ ಹೇಳಿಕೊಡಬಹುದಾದ ಲೆಕ್ಕವೊಂದಿದೆ. ವೇಗ ಎರಡು ಪಾಲಾದರೆ ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ಎರಡಲ್ಲ, ನಾಲ್ಕು ಪಾಲಾಗುತ್ತದೆ. 40ರಲ್ಲಿ ಹತ್ತು ಮೀಟರಿನಲ್ಲಿ ನಿಲ್ಲುವ ಕಾರಿಗೆ 80ರಲ್ಲಿ 40 ಮೀಟರು ಬೇಕು. ಇದಲ್ಲದೆ 80ರ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರು ಮುಂದೋಡುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಹೋಗಿಯೇ ಬಿಟ್ಟಿರುತ್ತದೆ.

ಓಡುವ ಕಾರಿನ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಮಾರ್ಪಡುತ್ತದೆ. ಡ್ರಮ್ಮು ಬಿಸಿಯಾದಾಗ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಲೈನಿಂಗಿನ ಹಿಡಿತವೂ ಕುಂದುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಪೆಡಲು ಮೆಲ್ಲಮೆಲ್ಲನೆ ಕೆಳಗೆ ಹೋಗಿ ಕಾರು ನಿಲ್ಲಲು ತಡಮಾಡುವುದು ಇದೇ ಕಾರಣದಿಂದ. ಆದುದರಿಂದ ಇಳಿಜಾರಿನಲ್ಲಿ ಯಾವಾಗಲೂ ಕೆಳಗಿನ ಗಿಯರು.

ಪಾದರಸದಂತೆ ಹೊಳೆಯುವ ಹೊಸ ಬಂಪರು ತರುವ ಮೊದಲು ಈ ಕೆಲಸಗಳನ್ನು ಮಾಡಿಸಬೇಕು. ನಾಲ್ಕೂ ಡ್ರಮ್ಮು ಬಿಚ್ಚಿ ವೀಲ್ ಸಿಲಿಂಡರಿನ ರಬ್ಬರುಗಳನ್ನು ಬದಲಿಸಬೇಕು. ಹಲವು ಸಲ ಲೇತಿಗೆ ಹೋಗಿ ತೆಳುವಾದ ಡ್ರಮ್ಮು ಬೇಗ ಕಾಯುತ್ತದೆ, ಅದನ್ನು ಬಿಟ್ಟುಬಿಡಬೇಕು. ಬ್ರೇಕಿನ ರಬ್ಬರು ಹೋಸುಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಆಗ ಎಣ್ಣೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬ್ರೇಕು ಹಿಡಿದುಕೊಂಡೇ ಇರುತ್ತದೆ. ಹತ್ತು ಕಿಲೋಮೀಟರು ಓಡಿಸಿ ನಿಲ್ಲಿಸಿದಾಗ ಒಂದೇ ಚಕ್ರದಿಂದ ಹೆಚ್ಚು ಕಾವು ಹೊಡೆದರೆ ಮೊದಲು ಹೋಸನ್ನು ಸಂಶಯಿಸಿ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನಮ್ಮ ಕರಾವಳಿಯ ಹವೆಯಲ್ಲಂತೂ ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಲೇಬೇಕು. ನೀರು ಸೇರಿದ ಎಣ್ಣೆ ಬಿಸಿಯಲ್ಲಿ ಆವಿಯಾಗಿ ಪೆಡಲು ಹಲಸಿನ ಹಣ್ಣಿನಂತೆ ಮೆತ್ತಗಾಗುತ್ತದೆ.

ಹಳೆಯ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ಸಾಲು ಇರುತ್ತದೆ. ಎಲ್ಲಿ ಸೋರಿದರೂ ಇಡೀ ಬ್ರೇಕು ಹೋಯಿತು. ಉಳಿಯುವುದು ಕೈಬ್ರೇಕು ಒಂದೇ. ಅದು ಏರಿನಲ್ಲಿ ಕಾರನ್ನು ನಿಲ್ಲಿಸಿ ಹಿಡಿಯುವಂತಿದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಬೇಕು.

'ಬೂಸ್ಟರು ಹಾಕಿಸಿದರೆ ಸಾಕಲ್ಲವೇ?' ಎಂದು ಕೇಳುವವರಿದ್ದಾರೆ. ಬೂಸ್ಟರು ಕಾಲಿನ ಶ್ರಮವನ್ನು ಕಡಿಮೆ ಮಾಡುತ್ತದೆ. ಡ್ರಮ್ಮಿನ ಬಿಸಿ ತಾಳುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ನಿಜವಾದ ಸುಧಾರಣೆ ಎಂದರೆ ಮುಂದಿನ ಚಕ್ರಗಳಿಗೆ ಡಿಸ್ಕು. ಅಂಬಾಸಿಡರಿನ ಕೊನೆಯ ಕಾಲದ ಮಾದರಿಗಳಲ್ಲಿ ಇದು ಬಂದಿತ್ತು. ತರುವುದಾದರೆ ಆ ಮಾದರಿಯ ಮಾಸ್ಟರ್ ಸಿಲಿಂಡರೂ ಬೂಸ್ಟರೂ ಸೇರಿ ಪೂರ್ತಿ ಜೋಡಣೆಯನ್ನೇ ತರಬೇಕು. ಡ್ರಮ್ಮಿನ ಮಾಸ್ಟರಿಗೆ ಡಿಸ್ಕು ಜೋಡಿಸಿದರೆ ಹಿಡಿತದ ಲೆಕ್ಕ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸು ಇರುವುದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಅದು ಶ್ವಾಸಕೋಶಕ್ಕೆ ವಿಷ.

ಟಯರು, ಸ್ಟಿಯರಿಂಗು, ತುಕ್ಕು

ಮನೆಯಲ್ಲಿ ನಿಂತೇ ಇರುವ ಕಾರಿನ ಟಯರು ಸವೆಯುವುದಿಲ್ಲ, ಮುದಿಯಾಗುತ್ತದೆ. ಟಯರಿನ ಬದಿಯಲ್ಲಿ ನಾಲ್ಕಂಕಿಯ ಗುರುತೊಂದು ಇರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದು. ಗೆರೆಗಳು ಆಳವಾಗಿ ಕಂಡರೂ ಬದಿಯಲ್ಲಿ ಬಿರುಕು ಬಿಟ್ಟ ಟಯರು ಹೆದ್ದಾರಿಗಲ್ಲ. ಹಳೆಯ ಬಗೆಯ ಟಯರು ತೆಗೆದು ರೇಡಿಯಲ್ ಹಾಕಿಸಿದರೆ ಓಟ ನೆಟ್ಟಗಾಗುತ್ತದೆ, ಮಳೆಯಲ್ಲಿ ಹಿಡಿತ ಹೆಚ್ಚುತ್ತದೆ. ನಿಂತಲ್ಲಿ ತಿರುಗಿಸುವಾಗ ಸ್ಟಿಯರಿಂಗು ತುಸು ಭಾರವೆನಿಸುತ್ತದೆ, ಅಷ್ಟೆ. ಐದೂ ಒಂದೇ ಬಗೆಯವಿರಲಿ. ಎರಡನ್ನೇ ಬದಲಿಸುವ ಪ್ರಸಂಗ ಬಂದರೆ ರೇಡಿಯಲ್‌ಗಳು ಹಿಂದಿನ ಚಕ್ರಗಳಿಗೆ ಹೋಗಬೇಕು. ಒಂದೇ ಅಚ್ಚಿನಲ್ಲಿ ಎರಡು ಬಗೆ ಎಂದೂ ಸಲ್ಲದು.

ಕಾರು ಕಂಪಿಸುವ ಬಗೆಯನ್ನು ಗಮನಿಸಿದರೆ ಅರ್ಧ ರೋಗ ತಿಳಿಯುತ್ತದೆ. ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಸ್ಟಿಯರಿಂಗು ನಡುಗಿ ಅದನ್ನು ದಾಟಿದ ಮೇಲೆ ಶಾಂತವಾದರೆ ಚಕ್ರದ ಬ್ಯಾಲೆನ್ಸು ತಪ್ಪಿದೆ ಅಥವಾ ರಿಮ್ಮು ಡೊಂಕಾಗಿದೆ. ಬ್ರೇಕು ಹಿಡಿದಾಗ ಮಾತ್ರ ನಡುಗಿದರೆ ಡ್ರಮ್ಮು ಅಂಡಾಕಾರವಾಗಿದೆ. ನೇರ ರಸ್ತೆಯಲ್ಲಿ ಕುಡಿದವನಂತೆ ಅತ್ತಿತ್ತ ಸರಿದರೆ ಟೈ ರಾಡಿನ ತುದಿಗಳೋ ಸ್ಟಿಯರಿಂಗಿನ ಸಂದುಗಳೋ ಸವೆದಿವೆ. ಹೊಂಡ ದಾಟಿದ ಮೇಲೂ ಮೂರು ನಾಲ್ಕು ಸಲ ತೂಗಿದರೆ ಶಾಕ್ ಅಬ್ಸಾರ್ಬರು ಎಣ್ಣೆ ಕಳೆದುಕೊಂಡಿದೆ. ಈ ಕಾರಿನ ಮುಂಭಾಗದ ಸಂದುಗಳಿಗೆ ಗ್ರೀಸು ತುಂಬುವ ನಿಪ್ಪಲುಗಳಿವೆ. ಇಂದಿನ ಕಾರುಗಳಿಗೆ ಅವು ಇಲ್ಲವಾದುದರಿಂದ ಹೊಸ ಹುಡುಗರು ಅವನ್ನು ಹುಡುಕುವುದೇ ಇಲ್ಲ. ಕೆಲವು ನಿಪ್ಪಲುಗಳು ಕೆಸರು, ಬಣ್ಣದಡಿಯಲ್ಲಿ ಮುಚ್ಚಿಹೋಗಿರುತ್ತವೆ. ಒಂದೊಂದನ್ನೂ ತೆರೆದು ಹೊಸ ಗ್ರೀಸು ಹೊರಚಿಮ್ಮುವ ತನಕ ತುಂಬಿಸಬೇಕು.

ತುಕ್ಕಿನ ವಿಷಯದಲ್ಲಿ ಕಡಲ ಸಮೀಪದವರಾದ ನಾವು ವಿಶೇಷ ಎಚ್ಚರ ವಹಿಸಬೇಕು. ಅಂಬಾಸಿಡರಿಗೆ ಲಾರಿಯಂತೆ ಪ್ರತ್ಯೇಕ ಚಾಸಿಯಿಲ್ಲ. ಮೈಯೇ ಅದರ ಎಲುಬು. ಬಾಗಿಲಿನ ಕೆಳಗಿನ ಅಡಿಪಟ್ಟಿ, ಹಿಂದಿನ ಪ್ಲೇಟು ಸ್ಪ್ರಿಂಗು ತೂಗುವ ಜಾಗ, ಜಾಕಿ ಇಡುವ ಸ್ಥಳ—ಇಲ್ಲೆಲ್ಲ ಸ್ಕ್ರೂ ಡ್ರೈವರಿನಿಂದ ಕುಟ್ಟಿ ನೋಡಬೇಕು. ಲೋಹದ ಸದ್ದು ಬಂದರೆ ಸರಿ. ಹಪ್ಪಳ ಮುರಿದಂತೆ ಒಳಗಿಳಿದರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಿಸಬೇಕು. ಪುಟ್ಟಿ ಬಳಿದು ಬಣ್ಣ ಹೊಡೆದರೆ ಕಣ್ಣಿಗೆ ಸಮಾಧಾನವಾದೀತು, ಅಪಘಾತದ ದಿನ ಉಪಯೋಗವಿಲ್ಲ.

ಬಿಸಿ ಮತ್ತು ತಂಪು

ಇಂಜಿನ್ನು ಯಾವಾಗ ಬಿಸಿಯಾಗುತ್ತದೆಂಬುದನ್ನು ನೋಡಿದರೆ ಕಾರಣ ಹೊಳೆಯುತ್ತದೆ. ಪೇಟೆಯ ನೂಕುನುಗ್ಗಲಿನಲ್ಲಿ ನಿಂತಾಗ ಕಾದು, ಓಡಿದಾಗ ತಣಿದರೆ ಗಾಳಿ ಸಾಲದೆಂದು ಅರ್ಥ: ಫ್ಯಾನು, ಫ್ಯಾನು ಬೆಲ್ಟು ನೋಡಬೇಕು. ಊರಲ್ಲಿ ಸುಮ್ಮನಿದ್ದು ಹೆದ್ದಾರಿಯ ಓಟದಲ್ಲಿ ಕಾದರೆ ನೀರಿನ ಹರಿವು ಸಾಲದು: ರೇಡಿಯೇಟರಿನ ನಳಿಗೆಗಳು ಕಟ್ಟಿರಬಹುದು, ವಾಟರ್ ಪಂಪು ಸವೆದಿರಬಹುದು, ಕೆಳಗಿನ ಹೋಸು ಹೀರುವಿಕೆಗೆ ಚಪ್ಪಟೆಯಾಗುತ್ತಿರಬಹುದು. ಇಗ್ನಿಷನ್ ಸಮಯ ತಡವಾಗಿದ್ದರೂ ಹೀಗೆಯೇ ಕಾಯುತ್ತದೆ.

ಬಿಸಿಯಾಯಿತೆಂದ ಕೂಡಲೇ ಥರ್ಮೋಸ್ಟಾಟನ್ನು ಕಿತ್ತೆಸೆಯುವ ರೂಢಿ ನಮ್ಮಲ್ಲಿದೆ. ಇದು ಜ್ವರ ಬಂದವನ ಥರ್ಮೋಮೀಟರನ್ನು ಒಡೆದಂತೆ. ಥರ್ಮೋಸ್ಟಾಟು ಇಲ್ಲದ ಇಂಜಿನ್ನು ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲು ಕುಡಿಯುತ್ತದೆ, ಬೇಗ ಸವೆಯುತ್ತದೆ. ಮೂಲ ರೋಗ ಮಾತ್ರ ಉಳಿದೇ ಇರುತ್ತದೆ. ರೇಡಿಯೇಟರಿನ ಮುಚ್ಚಳವೂ ಸಣ್ಣ ವಸ್ತುವಲ್ಲ. ಅದು ಹಿಡಿದಿಡುವ ಪ್ರತಿ ಒಂದು ಪೌಂಡು ಒತ್ತಡಕ್ಕೆ ನೀರಿನ ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಮೇಲೇರುತ್ತದೆ. ಸ್ಪ್ರಿಂಗು ಸೋತ ಮುಚ್ಚಳವಿದ್ದರೆ ಆ ಲಾಭವೆಲ್ಲ ಹೋಯಿತು. ಬಾವಿಯ ನೀರಿನ ಲವಣಗಳು ನಳಿಗೆಗಳಲ್ಲಿ ಗಟ್ಟಿಯಾಗಿ ಕೂರುವುದರಿಂದ ಶುದ್ಧೀಕರಿಸಿದ ನೀರಿಗೆ ಕೂಲಂಟು ಬೆರೆಸಿ ಹಾಕಬೇಕು.

ಹೊಸ ಪೆಟ್ರೋಲು, ಹಳೆಯ ಇಂಜಿನ್ನು

ಈ ಕಾರುಗಳು ಹುಟ್ಟಿದಾಗ ಇದ್ದ ಪೆಟ್ರೋಲು ಈಗಿಲ್ಲ. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಆ ಸೀಸವು ವಾಲ್ವು ಕೂರುವ ಪೀಠಕ್ಕೆ ಮೆತ್ತೆಯಂತಿತ್ತು. ಅದಿಲ್ಲದೆ ಗಂಟೆಗಟ್ಟಲೆ ವೇಗವಾಗಿ ಓಡಿಸಿದರೆ ಹಳೆಯ ಮೆದು ಪೀಠಗಳು ತಿಂದುಹೋಗಿ ವಾಲ್ವುಗಳು ಒಳಗಿಳಿಯುತ್ತವೆ. ಟಾಪೆಟ್ಟಿನ ಸದ್ದು ತಾನಾಗಿಯೇ ಕಡಿಮೆಯಾಯಿತೆಂದು ಸಂತೋಷಪಡಬೇಡಿ. ಅಂತರ ಮುಚ್ಚಿಕೊಳ್ಳುತ್ತಿದೆ ಎಂಬುದರ ಸೂಚನೆ ಅದು. ಈ ಇಂಜಿನ್ನಿಗೆ ಆ ಅಂತರ ಅಂಗುಲದ ಸಾವಿರದ 15 ಭಾಗ. ಸರಿಪಡಿಸಿದ ಕೆಲವೇ ಸಾವಿರ ಕಿಲೋಮೀಟರಿಗೆ ಮತ್ತೆ ಮುಚ್ಚಿದರೆ ಹೆಡ್ಡು ಬಿಚ್ಚಿ ಗಟ್ಟಿ ಲೋಹದ ಪೀಠಗಳನ್ನು ಕೂರಿಸುವುದೇ ದಾರಿ.

ಎರಡನೆಯ ಬದಲಾವಣೆ ಎಥನಾಲ್. 2023ರಿಂದ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂಕುಗಳಿಗೆ ಬರತೊಡಗಿತು. 2025ರ ಹೊತ್ತಿಗೆ ಅದೇ ಸಾಮಾನ್ಯವಾಯಿತು. ಎಥನಾಲ್ ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟಾಂಕಿಯ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಅದಕ್ಕೆ ಗಾಳಿ ಕಡಿಮೆ ಸಾಕಾಗುವುದರಿಂದ ಹಳೆಯ ಜೆಟ್ಟಿನ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗಿ ಇಂಜಿನ್ನು ಹೆಚ್ಚು ಕಾಯುತ್ತದೆ. ಆದುದರಿಂದ ಟಾಂಕಿ ತೊಳೆಸಿ, ಎಥನಾಲ್ ತಾಳುವ ರಬ್ಬರಿನ ನಳಿಗೆ, ಪಂಪಿನ ಡಯಾಫ್ರಾಮು, ಕಾರ್ಬುರೇಟರಿನ ವಾಷರುಗಳನ್ನು ಹೊಸತು ಹಾಕಿಸಬೇಕು. ಆಮೇಲೆ ಮಿಶ್ರಣವನ್ನು ತುಸು ದಪ್ಪ ಮಾಡಿಸಬೇಕು. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟಾಂಕಿಯಲ್ಲಿ ಹಳೆಯ ಪೆಟ್ರೋಲು ಇಡಬಾರದು.

ನಡುದಾರಿಯಲ್ಲಿ ನಿಂತರೆ

ಹಳೆಯ ಕಾರಿನವರಿಗೆ ಚಿರಪರಿಚಿತವಾದ ಒಂದು ರೋಗವಿದೆ. ಬೆಳಿಗ್ಗೆ ಚೆನ್ನಾಗಿ ಹೊರಟ ಕಾರು ಮಧ್ಯಾಹ್ನದ ಬಿಸಿಲಲ್ಲಿ ಒಂದು ಗಂಟೆ ಓಡಿ ಸತ್ತು ನಿಲ್ಲುತ್ತದೆ. ಅರ್ಧ ಗಂಟೆ ಕಾದರೆ ಏನೂ ಆಗದಂತೆ ಹೊರಡುತ್ತದೆ. ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರ ಕಾರು ಮಂಗಳೂರಿನ ದಾರಿಯಲ್ಲಿ ಹೀಗೆ ಮೂರು ಸಲ ನಿಂತಿತು. ಪೆಟ್ರೋಲು ಪಂಪು ಬದಲಾಯಿತು, ಕಾರ್ಬುರೇಟರು ಬಿಚ್ಚಿದ್ದಾಯಿತು. ಕೊನೆಗೆ ಊರಿನ ವೃದ್ಧ ಮೇಸ್ತ್ರಿಯೊಬ್ಬರು ಡಿಸ್ಟ್ರಿಬ್ಯೂಟರಿನೊಳಗಿನ ಹೆಬ್ಬೆರಳಿನಷ್ಟು ಕಂಡೆನ್ಸರನ್ನು ಬದಲಿಸಿದರು. ಆಮೇಲೆ ಕಾರು ನಿಲ್ಲಲಿಲ್ಲ.

ಈ ರೋಗಕ್ಕೆ ಸಂಶಯಿತರು ಮೂವರು: ನಳಿಗೆಯಲ್ಲಿ ಪೆಟ್ರೋಲು ಆವಿಯಾಗಿ ತಡೆಯೊಡ್ಡುವುದು, ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲು, ಬಿಸಿಯಾದಾಗ ಕೈಕೊಡುವ ಕಂಡೆನ್ಸರು. ಮೂರಕ್ಕೂ ಲಕ್ಷಣ ಒಂದೇ ಆದುದರಿಂದ ಊಹೆಯಿಂದ ಹೇಳಲಾಗದು. ಕಾರು ನಿಂತ ಕೂಡಲೇ, ತಣಿಯುವ ಮೊದಲೇ ಪರೀಕ್ಷಿಸಬೇಕು. ಪೆಟ್ರೋಲಿನ ವಾಸನೆಯಾಗಲಿ ಸೋರಿಕೆಯಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡು, ಕಾಯಿಲಿನಿಂದ ಬರುವ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನಿಂದ ತೆಗೆದು, ಮರದ ಚಿಮುಟದಲ್ಲೋ ಒಣ ರಬ್ಬರಿನಲ್ಲೋ ಹಿಡಿದು ಅದರ ತುದಿಯನ್ನು ಇಂಜಿನ್ನಿನ ಲೋಹಕ್ಕೆ ಕಾಲು ಅಂಗುಲ ದೂರ ಇಡಬೇಕು. ಇನ್ನೊಬ್ಬರು ಸ್ಟಾರ್ಟರು ತಿರುಗಿಸಲಿ. ನೀಲಿ ಬಣ್ಣದ ಚುರುಕಾದ ಕಿಡಿ ಹಾರಿದರೆ ವಿದ್ಯುತ್ತು ನಿರಪರಾಧಿ. ಕಿಡಿಯಿಲ್ಲದಿದ್ದರೆ ಅಥವಾ ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರು, ಕಾಯಿಲುಗಳನ್ನು ಒಂದಾದ ಮೇಲೊಂದರಂತೆ ಬದಲಿಸಿ ನೋಡಬೇಕು. ಕಂಡೆನ್ಸರು ಅಗ್ಗದ ವಸ್ತು; ಒಂದು ಯಾವಾಗಲೂ ಕಾರಿನಲ್ಲಿರಲಿ. ಪಾಯಿಂಟುಗಳ ಅಂತರ ಅಂಗುಲದ ಸಾವಿರದ 15 ಭಾಗ ಇದೆಯೇ ಎಂದೂ ನೋಡಬೇಕು.

ಕಿಡಿ ಸರಿಯಿದ್ದರೆ ಪೆಟ್ರೋಲಿನ ಪಂಪಿಗೂ ನಳಿಗೆಗೂ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾಯಬೇಕು. ಅದರಿಂದ ಹೊರಟರೆ ರೋಗ ಆವಿಯದ್ದೇ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲಿನ ನಳಿಗೆಯನ್ನು ಬಿಚ್ಚಿ ನೋಡುವ ಸಾಹಸ ಬೇಡವೇ ಬೇಡ. ಬೆಂಕಿಗೆ ಅಷ್ಟೇ ಸಾಕು. ಶಾಶ್ವತ ಪರಿಹಾರವೆಂದರೆ ನಳಿಗೆಯನ್ನು ಹೊಗೆಕೊಳವೆಯ ಕಾವಿನಿಂದ ದೂರ ಸಾಗಿಸಿ, ನಡುವೆ ತಗಡಿನ ಮರೆ ಕಟ್ಟುವುದು. ಕೆಲವರು ಟಾಂಕಿಯ ಬಳಿ ವಿದ್ಯುತ್ ಪಂಪು ಜೋಡಿಸುತ್ತಾರೆ. ಇಂಜಿನ್ನು ನಿಂತರೆ ಪಂಪೂ ತಾನಾಗಿ ನಿಲ್ಲುವ ಏರ್ಪಾಡಿಲ್ಲದೆ ಅದನ್ನು ಹಾಕಿಸಬಾರದು.

ಇಗ್ನಿಷನ್ ಪಾಯಿಂಟುಗಳ ಬದಲಿಗೆ ಇಲೆಕ್ಟ್ರಾನಿಕ್ ಜೋಡಣೆ ಹಾಕಿಸಿದರೆ ಈ ತಲೆನೋವು ಬಹುಮಟ್ಟಿಗೆ ತಪ್ಪುತ್ತದೆ. ಆದರೂ ಹಳೆಯ ಪಾಯಿಂಟು, ಕಂಡೆನ್ಸರುಗಳನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ. ಇಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ದಾರಿಬದಿಯಲ್ಲಿ ರಿಪೇರಿಯಾಗದು. ಪಾಯಿಂಟಾದರೆ ಸಾಣೆ ಕಾಗದದಿಂದ ಉಜ್ಜಿ ಮನೆ ಸೇರಬಹುದು.

ಬೆಳಕು

ರಾತ್ರಿ ಪ್ರಯಾಣದಲ್ಲಿ ಹಳೆಯ ಕಾರಿನ ದೀಪ ಮಿಣುಕುಹುಳದಂತೆ ಕಾಣುವುದಕ್ಕೆ ಬಲ್ಬಿಗಿಂತ ತಂತಿ ಕಾರಣ. ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಹಳೆಯ ಸ್ವಿಚ್ಚು ದಾಟಿ, ಸುತ್ತಿ ಬಳಸಿ ದೀಪ ಸೇರುವಷ್ಟರಲ್ಲಿ ಸೊರಗಿರುತ್ತದೆ. ಬ್ಯಾಟರಿಯಿಂದ ದಪ್ಪ ತಂತಿ ಎಳೆದು ನಡುವೆ ರಿಲೇ ಹಾಕಿ, ಫ್ಯೂಸು ಕೊಟ್ಟರೆ ಅದೇ ಬಲ್ಬು ಬೇರೆಯೇ ಬೆಳಕು ಕೊಡುತ್ತದೆ.

ಇಲ್ಲೊಂದು ಲೆಕ್ಕವುಂಟು. 60 ವಾಟಿನ ಎರಡು ದೀಪಗಳೆಂದರೆ 12 ವೋಲ್ಟಿಗೆ 10 ಆಂಪಿಯರು. ವೈಪರು, ಇಗ್ನಿಷನ್, ಹಿಂದಿನ ದೀಪಗಳು ಸೇರಿದರೆ ಹೆಚ್ಚು ಕಡಿಮೆ 20. ಹಳೆಯ ಡೈನಮೋ ಪೂರ್ಣ ವೇಗದಲ್ಲಿ ಕೊಡುವುದು 22ರ ಆಸುಪಾಸು. ನಿಧಾನವಾದಾಗ ಅದೂ ಇಲ್ಲ. ಆಷಾಢದ ಮಳೆಯ ರಾತ್ರಿ ಬ್ಯಾಟರಿ ಕರಗುವುದು ಹೀಗೆ. ಡೈನಮೋ ತೆಗೆದು ಆಲ್ಟರ್ನೇಟರು ಹಾಕಿಸುವುದು ಹಳೆಯ ಕಾರಿಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆಗಳಲ್ಲೊಂದು. ಬಹಳ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನ ತುದಿ ಮೈಗೆ ಜೋಡಿಸಿರುವುದುಂಟು. ಅದನ್ನು ಮೊದಲು ಪರಿಶೀಲಿಸದೆ ಆಲ್ಟರ್ನೇಟರು ಜೋಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಸುಖವೂ ಸುರಕ್ಷೆಯೂ

ಸೀಟಿನೊಳಗಿನ ಸ್ಪ್ರಿಂಗು ಸರಿಪಡಿಸಿ ಗಟ್ಟಿ ಫೋಮು ಹಾಕಿಸುವುದು, ಬಾಗಿಲುಗಳ ರಬ್ಬರು ಪಟ್ಟಿ ಬದಲಿಸುವುದು, ನೆಲಕ್ಕೆ ಫೆಲ್ಟು ಹಾಸುವುದು ದುಬಾರಿಯಲ್ಲದ ಸುಖಗಳು. ಇಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ತಗಡಿನಲ್ಲಿ ತಂತಿ ಹಾಯುವ ತೂತುಗಳಿಗೆ ರಬ್ಬರು ಇರಲೇಬೇಕು. ಕಾವು, ಸದ್ದು ಮಾತ್ರವಲ್ಲ, ವಿಷದ ಹೊಗೆಯೂ ಒಳಬರುವುದು ಅಲ್ಲಿಂದಲೇ. ದೂರ ಪ್ರಯಾಣದಲ್ಲಿ ಹಿಂದೆ ಕುಳಿತವರಿಗೆಲ್ಲ ತಲೆನೋವು, ಓಕರಿಕೆ ಬಂದರೆ ಬಿಸಿಲನ್ನು ದೂರಬೇಡಿ. ಸೈಲೆನ್ಸರು ಕೊಳವೆಯ ಸೋರಿಕೆ ಹುಡುಕಿಸಿ. ತಂಪು ಯಂತ್ರ ಹಾಕಿಸುವ ಆಸೆ ಹಲವರಿಗಿದೆ. ಐವತ್ತೇ ಅಶ್ವಶಕ್ತಿಯ ಇಂಜಿನ್ನಿನಿಂದ ಅದು ತನ್ನ ಪಾಲನ್ನು ಕಸಿಯುತ್ತದೆ, ರೇಡಿಯೇಟರಿನ ಎದುರಿಗೆ ಇನ್ನೊಂದು ಬಿಸಿ ಜಾಲರಿಯನ್ನು ತಂದಿಡುತ್ತದೆ. 1489ರ ಇಂಜಿನ್ನಿಗೆ ಅದು ಭಾರವೇ.

ಸೀಟು ಬೆಲ್ಟುಗಳಿಲ್ಲದ ಕಾರಾದರೆ ಅವನ್ನು ಹಾಕಿಸದೆ ಹೆದ್ದಾರಿಗೆ ಹೋಗಲೇಬಾರದು. ತೆಳು ತಗಡಿಗೆ ಸ್ಕ್ರೂ ಹೊಡೆದು ಕಟ್ಟಿದ ಬೆಲ್ಟು ಬೆಲ್ಟಲ್ಲ. ಬಾಗಿಲ ಕಂಬಕ್ಕೂ ನೆಲಕ್ಕೂ ದಪ್ಪ ಪಟ್ಟಿ ಬೆಸೆದು, ಅದಕ್ಕೆ ಬೋಲ್ಟು ಹಾಕಿ ನಿಲ್ಲಿಸಬೇಕು. ಹಿಂದಿನ ಸೀಟಿಗೂ ಬೇಕು. ಅಂಬಾಸಿಡರಿನಲ್ಲಿ ಎಂಟು ಮಂದಿ ಹೋಗುತ್ತಿದ್ದ ಕಥೆಗಳು ಕೇಳಲು ಚೆನ್ನ. ಮಕ್ಕಳನ್ನು ಮುಂದೆ ಮಡಿಲಲ್ಲಿ ಕೂರಿಸುವ ಕಾಲ ಮಾತ್ರ ಹೋಯಿತು.

ವೇಗ ಮತ್ತು ಕಾನೂನು

ಕೊನೆಯ ಮಾತು ವೇಗದ್ದು. ನಾಲ್ಕನೆಯ ಗಿಯರಿನಲ್ಲಿ ಇಂಜಿನ್ನು ನಿಮಿಷಕ್ಕೆ ಸಾವಿರ ಸುತ್ತು ಸುತ್ತಿದಾಗ ಈ ಕಾರು ಗಂಟೆಗೆ ಸುಮಾರು 25ರಿಂದ 27 ಕಿಲೋಮೀಟರು ಓಡುತ್ತದೆ. 80ಕ್ಕೆ ಸುಮಾರು ಮೂರು ಸಾವಿರ ಸುತ್ತು. 100ಕ್ಕೆ ಹೆಚ್ಚು ಕಡಿಮೆ ನಾಲ್ಕು ಸಾವಿರ. ಆದುದರಿಂದ 70, 75ರಲ್ಲಿ ಎಡಗಡೆಯ ಪಥದಲ್ಲಿ ಸಾಗುವುದೇ ಅದರ ಹಿತವಾದ ನಡೆ. ಐದು ಗಿಯರಿನ ಇಸುಜು ಜೋಡಣೆ ಹಾಕಿಸಿದರೆ ಸುಖವುಂಟು ನಿಜ. ಆದರೆ ಇಂಜಿನ್ನು ಬದಲಾವಣೆಗೆ ಸಾರಿಗೆ ಅಧಿಕಾರಿಯ ಪೂರ್ವಾನುಮತಿ ಬೇಕು, ನೋಂದಣಿ ಪತ್ರದಲ್ಲಿ ದಾಖಲಾಗಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಟು ಸಲ್ಲದೆಂದು ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಡಿಸ್ಕು ಬ್ರೇಕಿನಂಥ ಕೆಲಸಕ್ಕೂ ಮೊದಲೇ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ದಾಖಲಾಗದ ಬದಲಾವಣೆ ವಿಮೆಯ ದಿನ ಅಡ್ಡ ಬರುತ್ತದೆ.

ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣವಾಗಬೇಕೆಂಬುದು ಎಲ್ಲರಿಗೂ ತಿಳಿದಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ಕಾರನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಹೆಸರು ಕೇಳಿ ಕೆಲವರು ಆಸೆಪಡುತ್ತಾರೆ. ಆದರೆ ಹಾಗೆ ನೋಂದಾಯಿಸಿದ ಕಾರು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬುವಿಕೆಯಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಯಬಹುದು, ದಿನಬಳಕೆಗಿಲ್ಲ. ಕಾರಿನಲ್ಲಿ ಪ್ರಯಾಣ ಮಾಡಬೇಕೆನ್ನುವವರಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ಸರಿ.

ಹೊರಡುವ ಮುನ್ನ

ಡಿಕ್ಕಿಯಲ್ಲಿ ಇರಬೇಕಾದವು: ಫ್ಯಾನು ಬೆಲ್ಟು, ಮೇಲಿನ ಮತ್ತು ಕೆಳಗಿನ ರೇಡಿಯೇಟರು ಹೋಸು, ಕಂಡೆನ್ಸರು, ಪಾಯಿಂಟು, ಒಂದು ಪ್ಲಗ್ಗು, ಫ್ಯೂಸುಗಳು, ಐದು ಲೀಟರು ನೀರು, ಒಂದು ಲೀಟರು ಇಂಜಿನ್ ಎಣ್ಣೆ, ಬ್ರೇಕು ಎಣ್ಣೆಯ ಮುಚ್ಚಿದ ಡಬ್ಬಿ, ಟಾರ್ಚು, ಬೆಂಕಿ ಆರಿಸುವ ಸಿಲಿಂಡರು, ಕೆಂಪು ತ್ರಿಕೋನ. ಆರು ಪಥದ ರಸ್ತೆಯಲ್ಲಿ ಕಾರು ನಿಂತರೆ ಎಡ ಅಂಚಿಗೆ ತಂದು, ಹಿಂದೆ 50 ಮೀಟರಿಗೂ ಹೆಚ್ಚು ದೂರದಲ್ಲಿ ತ್ರಿಕೋನವಿಟ್ಟು, ಮಕ್ಕಳನ್ನೂ ಹಿರಿಯರನ್ನೂ ತಡೆಬೇಲಿಯ ಆಚೆಗೆ ಕಳುಹಿಸಬೇಕು. ಬಾನೆಟ್ಟು ತೆರೆಯುವುದು ಅದಾದ ಮೇಲೆ. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಅರ್ಧ ಗಂಟೆ ಯಾರೂ ಕೈಹಾಕಬಾರದು.

ಕೆಲಸವೆಲ್ಲ ಮುಗಿದ ಮೇಲೆ ಒಮ್ಮೆಗೇ ಮೈಸೂರಿಗೆ ಹೊರಡಬೇಡಿ. ಮೊದಲು 20 ಕಿಲೋಮೀಟರು, ಆಮೇಲೆ 50, ಆಮೇಲೆ 100 ಓಡಿಸಿ, ಪ್ರತಿ ಸಲವೂ ಸೋರಿಕೆ, ಕಾವು, ಸಡಿಲಾದ ಬೋಲ್ಟುಗಳನ್ನು ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿದರೆ ತೊಂದರೆ ಬಂದಾಗ ಅದರ ಮೂಲ ತಿಳಿಯುತ್ತದೆ.

ಬಿಡಿಭಾಗಗಳಿಗೆ ಈಗಲೂ ಬೆಂಗಳೂರಿನ ಜೆ.ಸಿ. ರಸ್ತೆ, ಕಲ್ಕತ್ತೆಯ ಮಲ್ಲಿಕ್ ಬಜಾರುಗಳಂಥ ಜಾಗಗಳಿವೆ. ಭಾಗಗಳಿಗಿಂತ ಬೇಗ ಮುಗಿಯುತ್ತಿರುವುದು ಈ ಕಾರನ್ನು ಬಲ್ಲ ಕೈಗಳು. ಸದ್ದು ಕೇಳಿಯೇ ಟಾಪೆಟ್ಟಿನ ಅಂತರ ಹೇಳಬಲ್ಲ ಮೇಸ್ತ್ರಿಗಳು ನಮ್ಮೂರುಗಳಲ್ಲಿ ವಯಸ್ಸಾಗಿ ಗ್ಯಾರೇಜಿಗೆ ಬೀಗ ಹಾಕುತ್ತಿದ್ದಾರೆ. ಅಂಥವರು ನಿಮ್ಮ ಕಾರಿನ ಕೆಲಸ ಮಾಡುವಾಗ ಮನೆಯ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ನಿಲ್ಲಿಸಿ. ಅವರು ಹೇಳಿದ ಅಳತೆಗಳನ್ನು, ಬದಲಿಸಿದ ಭಾಗಗಳನ್ನು, ತಾರೀಕನ್ನು ಒಂದು ನೋಟುಪುಸ್ತಕದಲ್ಲಿ ಬರೆಸಿಡಿ. ಕಾರ್ಖಾನೆಯೇ ಮುಚ್ಚಿದ ಕಾರಿಗೆ ಆ ಪುಸ್ತಕವೇ ಮುಂದಿನ ವೈದ್ಯ.

ಇಷ್ಟೆಲ್ಲ ನೋಡಿದ ಮೇಲೆ ಅಡಿಭಾಗ ತುಕ್ಕಿಗೆ ಸೋತಿದೆ, ಬ್ರೇಕು ನಂಬುವಂತಿಲ್ಲ ಎಂದು ಕಂಡರೆ ಅದನ್ನು ಒಪ್ಪಿಕೊಂಡು ಕಾರನ್ನು ಊರ ರಸ್ತೆಗೆ ಸೀಮಿತಗೊಳಿಸುವುದರಲ್ಲಿ ಅವಮಾನವೇನೂ ಇಲ್ಲ. ಕಾರಿನ ಮೇಲಿನ ಪ್ರೀತಿ ದೊಡ್ಡದೇ ಸರಿ. ಅದರೊಳಗೆ ಕೂರುವವರ ಮೇಲಿನ ಪ್ರೀತಿಗಿಂತ ದೊಡ್ಡದಲ್ಲ.